ಪಾಕ, ಪರಿಪಾಕ, ಪ್ರಸಾದ

ನಾಗರ ಪಂಚಮಿ ಸಮೀಪಿಸಿತೆಂದರೆ ಉತ್ತರ ಕರ್ನಾಟಕದ ಮನೆಮನೆಗಳಲ್ಲಿ ಉಂಡಿ ಕಟ್ಟುವ ಸಂಭ್ರಮ. ಒಲೆಯ ಮೇಲೆ ಬೆಲ್ಲ ಕರಗಿ ನೊರೆಯೇಳುತ್ತಿರುತ್ತದೆ. ಮನೆಯ ಹಿರಿಯ ತಾಯಿ ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರಿಟ್ಟುಕೊಂಡು ಕುಳಿತಿರುತ್ತಾರೆ. ಸೌಟಿನ ತುದಿಯಿಂದ ಒಂದು ಹನಿಯನ್ನು ಆ ನೀರಿಗೆ ಬಿಡುತ್ತಾರೆ. ಹನಿ ನೀರಿನಲ್ಲಿ ಕದಡಿಹೋದರೆ "ಇನ್ನೂ ಪಾಕ ಬಂದಿಲ್ಲ" ಎನ್ನುತ್ತಾರೆ. ಬೆರಳಿಗೆ ಸಿಕ್ಕಿ ಗುಂಡಗಾದರೆ "ಪಾಕ ಬಂತು, ಇಳಿಸು" ಎನ್ನುತ್ತಾರೆ. ಒಂದು ಗಳಿಗೆ ಮೊದಲಾದರೆ ಉಂಡಿ ನಿಲ್ಲದು. ಒಂದು ಗಳಿಗೆ ತಡವಾದರೆ ಹಲ್ಲಿಗೆ ಬಗ್ಗದು. ಗೋಕಾಕ ಮತ್ತು ಅಮೀನಗಡದ ಕರದಂಟಿನ ರುಚಿಯೂ, ದಕ್ಷಿಣದ ಕಜ್ಜಾಯದ ಮೃದುತ್ವವೂ ನಿಂತಿರುವುದು ಈ ಒಂದು ಗಳಿಗೆಯ ಮೇಲೆಯೇ.

ಆ ತಾಯಿಯ ಬಾಯಲ್ಲಿ ಅಷ್ಟು ಸಹಜವಾಗಿ ಬರುವ 'ಪಾಕ' ಎಂಬ ಮಾತು ಒಲೆಯ ಮೇಲಿನ ಬೆಲ್ಲಕ್ಕೆ ಮಾತ್ರ ಸೀಮಿತವಾದದ್ದಲ್ಲ. ವೈಯಾಕರಣರು, ತಾರ್ಕಿಕರು, ವೈದ್ಯರು, ಕವಿಗಳು, ಯೋಗಿಗಳು ಎಲ್ಲರೂ ತಮ್ಮ ತಮ್ಮ ಶಾಸ್ತ್ರದ ಕಠಿಣ ವಿಷಯವನ್ನು ಹೇಳಬೇಕಾದಾಗ ಅಡುಗೆಮನೆಗೆ ಬಂದು ಈ ಪದವನ್ನು ಎರವಲು ಪಡೆದಿದ್ದಾರೆ. ಆ ಪದವು ನಡೆದು ಬಂದ ದಾರಿಯನ್ನು ಅರಿತರೆ ಶರಣರು ಅನ್ನದ ವಿಷಯದಲ್ಲಿ ಮಾಡಿದ ಕ್ರಾಂತಿ ಎಷ್ಟು ಆಳವಾದದ್ದೆಂಬುದು ನಮಗೆ ಸ್ಪಷ್ಟವಾಗುತ್ತದೆ. ಆದ್ದರಿಂದ ಈ ಒಂದು ಪದದ ಚರಿತ್ರೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಅವಲೋಕಿಸೋಣ.

ಅಡುಗೆಗೆ ಕನ್ನಡದ ಸ್ವಂತ ಮಾತು 'ಅಡು'. ಅದರಿಂದಲೇ ಅಡುಗೆ, ಅಟ್ಟದ್ದು, ಅಡುವವರು ಎಂಬ ಮಾತುಗಳು ಬಂದವು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆಯಲ್ಲಿ ಇರುವುದೂ ಇದೇ ಧಾತು. 'ಪಾಕ'ವು ಸಂಸ್ಕೃತದಿಂದ ಬಂದ ಪದ. ಅದರ ಮೂಲ 'ಪಚ್' ಧಾತು. ಈ ಧಾತುವಿಗೆ ಮೂರು ಅರ್ಥಗಳಿವೆ: ಬೇಯಿಸುವುದು, ಹಣ್ಣಾಗುವುದು, ಜೀರ್ಣವಾಗುವುದು. ಒಲೆಯ ಮೇಲಿನ ಅಕ್ಕಿ, ಮರದ ಮೇಲಿನ ಮಾವು, ಹೊಟ್ಟೆಯೊಳಗಿನ ತುತ್ತು, ಈ ಮೂರರಲ್ಲಿಯೂ ನಡೆಯುವುದು ಒಂದೇ ಕ್ರಿಯೆಯೆಂದು ಪ್ರಾಚೀನರು ಭಾವಿಸಿದರು. ಮೂರರಲ್ಲಿಯೂ ಬಿಸಿಯಿದೆ, ಕಾಲವಿದೆ, ಹಿಂತಿರುಗಲಾರದ ಬದಲಾವಣೆಯಿದೆ. ಬೆಂದ ಅನ್ನ ಮತ್ತೆ ಅಕ್ಕಿಯಾಗದು, ಹಣ್ಣು ಮತ್ತೆ ಕಾಯಿಯಾಗದು.

ಈ ಧಾತುವಿನ ಸಂತಾನ ದೊಡ್ಡದು. ಪಚನ, ಪಕ್ವ, ಅಪಕ್ವ, ಪರಿಪಕ್ವ, ಪಕ್ವಾನ್ನ, ಪರಿಪಾಕ, ವಿಪಾಕ ಇವೆಲ್ಲ ಒಂದೇ ಮನೆಯ ಮಕ್ಕಳು. ನಾವು ದಿನಬಳಕೆಯಲ್ಲಿ ಆಡುವ 'ಪಕ್ಕಾ' ಎಂಬ ಮಾತೂ ಇದೇ ಕುಲದ್ದು. 'ಪಕ್ವ'ವು ಹಿಂದಿಯಲ್ಲಿ 'ಪಕ್ಕಾ' ಆಗಿ, ಅಲ್ಲಿಂದ ಕನ್ನಡಕ್ಕೆ ಬಂದಿತು. ಪಕ್ಕಾ ಲೆಕ್ಕ, ಪಕ್ಕಾ ರಸ್ತೆ, ಪಕ್ಕಾ ಮನೆ ಎನ್ನುವಾಗ ನಾವು ಅರಿಯದೆಯೇ 'ಬೆಂದ ಲೆಕ್ಕ', 'ಬೆಂದ ರಸ್ತೆ', 'ಬೆಂದ ಮನೆ' ಎನ್ನುತ್ತಿದ್ದೇವೆ. ದೂರದ ಬಂಧುಗಳೂ ಇದ್ದಾರೆ. ಲ್ಯಾಟಿನ್ ಭಾಷೆಯ 'ಕೊಕ್ವೆರೆ', ಅದರ ಮೂಲಕ ಬಂದ ಇಂಗ್ಲಿಷಿನ 'ಕುಕ್', ಗ್ರೀಕ್ ಭಾಷೆಯಲ್ಲಿ ಜೀರ್ಣವನ್ನು ಸೂಚಿಸುವ 'ಪೆಪ್ಸಿಸ್' ಇವೆಲ್ಲವೂ ಒಂದೇ ಮೂಲದಿಂದ ಕವಲೊಡೆದವು ಎಂಬುದು ಭಾಷಾಶಾಸ್ತ್ರಜ್ಞರ ನಿರ್ಣಯ.

ರೂಪ ಒಂದೇ ಆಗಿದ್ದರೂ ಸಂಬಂಧವಿಲ್ಲದ ಪದಗಳೂ ಇವೆ. ಇಂದ್ರನಿಗೆ 'ಪಾಕಶಾಸನ' ಎಂಬ ಹೆಸರು ಬಂದದ್ದು ಅಡುಗೆಯಿಂದಲ್ಲ, ಪಾಕನೆಂಬ ಅಸುರನನ್ನು ಶಿಕ್ಷಿಸಿದ್ದರಿಂದ. ಪಾರಸಿ ಭಾಷೆಯ 'ಪಾಕ್' ಎಂದರೆ ಶುದ್ಧ. ಅದೂ ಬೇರೆಯೇ ಪದ. 2025ರ ಮೇ ತಿಂಗಳಿನಲ್ಲಿ ಜೈಪುರದ ಕೆಲವು ಮಿಠಾಯಿ ಅಂಗಡಿಗಳವರು ಈ ಭೇದವನ್ನು ಗಮನಿಸದೆ 'ಮೈಸೂರು ಪಾಕ್' ಎಂಬ ಹೆಸರನ್ನು 'ಮೈಸೂರು ಶ್ರೀ' ಎಂದು ಬದಲಿಸಿದ್ದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರು ಮಾಡಿದರೆಂದು ಹೇಳಲಾಗುವ ಆ ಸಿಹಿಯ ಹೆಸರಿನಲ್ಲಿ ಇರುವುದು ನಮ್ಮ ತಾಯಂದಿರ ಸಕ್ಕರೆಯ ಪಾಕವೇ ಹೊರತು ಬೇರೇನೂ ಅಲ್ಲ.

ಇನ್ನು ಶಾಸ್ತ್ರಗಳ ಕಡೆಗೆ ಬರೋಣ. ವೈಯಾಕರಣರಿಗೆ 'ಬೇಯಿಸುತ್ತಾನೆ' ಎಂಬ ಕ್ರಿಯಾಪದ ಬಲು ಪ್ರಿಯವಾದ ಉದಾಹರಣೆ. ಕ್ರಿ.ಪೂ. 2ನೇ ಶತಮಾನದ ಪತಂಜಲಿಯು ಪಾಣಿನಿಯ ಸೂತ್ರಗಳಿಗೆ ಬರೆದ ಮಹಾಭಾಷ್ಯದ ಕಾರಕ ಪ್ರಕರಣದಲ್ಲಿ ಒಂದು ಪ್ರಶ್ನೆಯನ್ನು ಎತ್ತುತ್ತಾನೆ. ಅಡುಗೆ ಮಾಡುವವರು ಯಾರು? ಪಾತ್ರೆಯನ್ನು ಒಲೆಯ ಮೇಲೆ ಇಡುವುದು, ನೀರು ಹೊಯ್ಯುವುದು, ಅಕ್ಕಿ ಹಾಕುವುದು, ಸೌದೆಯನ್ನು ಸರಿಪಡಿಸುವುದು ಇವೆಲ್ಲ ಅಡುವವನ ಪಾಕ. ಆದರೆ ಅಕ್ಕಿಯನ್ನು ತನ್ನೊಳಗೆ ಹಿಡಿಸಿಕೊಂಡು ಧರಿಸುವುದು ಪಾತ್ರೆಯ ಪಾಕ. ಅಕ್ಕಿ ಮೆತ್ತಗಾಗುವವರೆಗೆ ಉರಿಯುವುದು ಸೌದೆಯ ಪಾಕ. ಹೀಗೆ ಒಂದೇ ಕ್ರಿಯೆಯಲ್ಲಿ ಅಡುವವನಿಗೂ, ಮಡಕೆಗೂ, ಸೌದೆಗೂ ಅವರವರ ಪಾಲಿದೆ. ಇಷ್ಟೆಲ್ಲ ವ್ಯಾಪಾರ ನಡೆದ ಮೇಲೆ ದೊರೆಯುವ ಫಲಕ್ಕೆ ವ್ಯಾಕರಣಶಾಸ್ತ್ರವು 'ವಿಕ್ಲಿತ್ತಿ' ಎಂದು ಹೆಸರಿಟ್ಟಿದೆ. ವಿಕ್ಲಿತ್ತಿಯೆಂದರೆ ಅಗುಳು ತನ್ನ ಗಡಸನ್ನು ಬಿಟ್ಟು ಮೃದುವಾಗುವುದು. ಒಲೆ ಎಷ್ಟೇ ಉರಿಯಲಿ, ಎಸರು ಎಷ್ಟೇ ಕುದಿಯಲಿ, ಅಗುಳು ಮೆತ್ತಗಾಗದಿದ್ದರೆ ಪಾಕವು ಆಗಲಿಲ್ಲವೆಂದೇ ಅರ್ಥ. ಪೂಜೆ, ಜಪ, ಪಾರಾಯಣಗಳನ್ನು ವರ್ಷಾನುಗಟ್ಟಲೆ ಮಾಡಿಯೂ ಮನಸ್ಸಿನ ಗಡಸು ಕರಗದವರು ಈ ಮಾತನ್ನು ನೆನೆಯಬೇಕು.

ಅನ್ನ ಬೆಂದಿತೋ ಇಲ್ಲವೋ ಎಂದು ತಿಳಿಯಲು ಇಡೀ ಪಾತ್ರೆಯನ್ನು ಬಗ್ಗಿಸಬೇಕಿಲ್ಲ. ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು. ಶಾಸ್ತ್ರಕಾರರು ಇದನ್ನೇ 'ಸ್ಥಾಲೀಪುಲಾಕ ನ್ಯಾಯ' ಎಂದು ಕರೆದರು. ಅಡುಗೆಮನೆಯ ಅನುಭವವು ತರ್ಕದ ನಿಯಮವಾದ ಬಗೆ ಇದು.

ತಾರ್ಕಿಕರು ಒಲೆಯನ್ನು ಬಿಟ್ಟು ಕುಂಬಾರನ ಆವಿಗೆಯ ಬಳಿಗೆ ಹೋದರು. ಹಸಿಯ ಮಡಕೆ ಕಪ್ಪಾಗಿರುತ್ತದೆ. ಸುಟ್ಟ ಮೇಲೆ ಕೆಂಪಾಗುತ್ತದೆ. ಬೆಂಕಿಯಿಂದ ಹುಟ್ಟುವ ಇಂಥ ಗುಣಗಳಿಗೆ 'ಪಾಕಜ ಗುಣ'ಗಳೆಂದು ಹೆಸರು. ಆದರೆ ಬೆಂದದ್ದು ಯಾವುದು? ಇಲ್ಲಿ ಎರಡು ಪಕ್ಷಗಳಾದವು. ವೈಶೇಷಿಕರ ಮತದಲ್ಲಿ ಬೆಂಕಿಯ ಬಡಿತಕ್ಕೆ ಮಡಕೆಯು ಪರಮಾಣುಗಳಾಗಿ ಬಿಡಿಬಿಡಿಯಾಗುತ್ತದೆ. ಒಂದೊಂದು ಪರಮಾಣುವೂ ಬೆಂದು ಬಣ್ಣ ಬದಲಿಸುತ್ತದೆ. ಬಳಿಕ ಅವು ಮತ್ತೆ ಕೂಡಿ ಹೊಸ ಮಡಕೆಯಾಗುತ್ತದೆ. ಇದು 'ಪೀಲುಪಾಕವಾದ'. ನೈಯಾಯಿಕರು ಇದನ್ನು ಒಪ್ಪಲಿಲ್ಲ. ಮಡಕೆ ಒಡೆಯುವುದನ್ನು ಯಾರೂ ಕಾಣಲಿಲ್ಲ. ಇದ್ದ ಮಡಕೆಯೇ ಇಡಿಯಾಗಿ ಬೇಯುತ್ತದೆ ಎಂದರು. ಇದು 'ಪಿಠರಪಾಕವಾದ'. ಮನುಷ್ಯನು ಬದಲಾಗುವುದು ಹೇಗೆ ಎಂದು ಕೇಳಿಕೊಂಡರೂ ಇವೇ ಎರಡು ಉತ್ತರಗಳು ಎದುರಾಗುತ್ತವೆ. ಒಬ್ಬೊಬ್ಬನೂ ಬಿಡಿಯಾಗಿ ಬೇಯಬೇಕೇ, ಇಡೀ ಸಮಾಜವೆಂಬ ಮಡಕೆ ಒಟ್ಟಿಗೆ ಬೇಯಬೇಕೇ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳೋಣ. ಒಂದು ಮಾತಂತೂ ನಿಜ. ಹಸಿಯ ಮಡಕೆಗೆ ನೀರು ತುಂಬಿದರೆ ಅದು ಕರಗಿ ಮಣ್ಣಾಗುತ್ತದೆ. ಬೆಂದ ಮಡಕೆ ಮಾತ್ರ ಇನ್ನೊಬ್ಬರ ದಾಹವನ್ನು ತಣಿಸಬಲ್ಲದು. ಹರಿಹರ ಮಹಾಕವಿಯು ತನ್ನ ರಗಳೆಯಲ್ಲಿ ಕೊಂಡಾಡಿದ ಕುಂಬಾರ ಗುಂಡಯ್ಯನವರು ಮಡಕೆಯನ್ನು ಬಾರಿಸಿದಾಗ ಶಿವನು ಕುಣಿದನಂತೆ. ದನಿಗೊಡುವುದು ಬೆಂದ ಮಡಕೆಯೇ ಅಲ್ಲವೇ?

ವೈದ್ಯರಿಗೆ ದೇಹವೇ ಅಡುಗೆಮನೆ. ಜಠರಾಗ್ನಿಯೇ ಒಲೆ. ನಾಲಿಗೆಗೆ ತಿಳಿಯುವ ರುಚಿ ಒಂದು, ಜೀರ್ಣವಾದ ಮೇಲೆ ಉಳಿಯುವ ರುಚಿ ಇನ್ನೊಂದು ಎಂಬುದು ಆಯುರ್ವೇದದ ಮುಖ್ಯ ಸಿದ್ಧಾಂತಗಳಲ್ಲೊಂದು. ಈ ಎರಡನೆಯದಕ್ಕೆ 'ವಿಪಾಕ'ವೆಂದು ಹೆಸರು. ಷಡ್ರಸಗಳು ಕೊನೆಗೆ ಮಧುರ, ಆಮ್ಲ, ಕಟು ಎಂಬ ಮೂರು ವಿಪಾಕಗಳಾಗುತ್ತವೆಂದು ಚರಕ ಸಂಹಿತೆ ಹೇಳುತ್ತದೆ. ಔಷಧ ತೈಲಗಳನ್ನು ಕಾಯಿಸುವಾಗಲೂ ಮೃದುಪಾಕ, ಮಧ್ಯಮಪಾಕ, ಖರಪಾಕ ಎಂಬ ಮೂರು ಹದಗಳನ್ನು ವೈದ್ಯರು ಗುರುತಿಸಿದರು. ನಮ್ಮ ಮನೆಗಳಲ್ಲಿ ಒಂದೆಳೆಯ ಪಾಕ, ಎರಡೆಳೆಯ ಪಾಕ, ಉಂಡೆಪಾಕ ಎಂದು ಬೆರಳುಗಳ ನಡುವೆ ಎಳೆದು ನೋಡುವ ಜಾಣ್ಮೆಗೂ ವೈದ್ಯರ ಈ ಶಾಸ್ತ್ರಕ್ಕೂ ದೂರವಿಲ್ಲ.

ಹೊಟ್ಟೆಗೆ ಸಂಬಂಧಿಸಿದ 'ವಿಪಾಕ'ವನ್ನು ದಾರ್ಶನಿಕರು ಕರ್ಮಕ್ಕೆ ಅನ್ವಯಿಸಿದರು. ಮಾಡಿದ ಕರ್ಮವು ಕೂಡಲೇ ಫಲ ಕೊಡುವುದಿಲ್ಲ. ಒಳಗೇ ಬೆಂದು, ಮಾಗಿ, ಕಾಲ ಬಂದಾಗ ಫಲವಾಗುತ್ತದೆ. ಇದು 'ಕರ್ಮವಿಪಾಕ'. ಬೌದ್ಧರೂ ಈ ಪದವನ್ನು ಬಳಸಿದರು. ಜೈನರ ಆಗಮಗಳಲ್ಲಿ 11ನೆಯ ಅಂಗಕ್ಕೆ 'ವಿಪಾಕಸೂತ್ರ'ವೆಂದೇ ಹೆಸರು. ಯೋಗಸೂತ್ರದ ಪ್ರಕಾರ ಕರ್ಮದ ವಿಪಾಕವು ಮೂರು ರೂಪಗಳಲ್ಲಿ ಬರುತ್ತದೆ: ಜಾತಿ, ಆಯುಸ್ಸು, ಭೋಗ. ಅಲ್ಲಿ 'ಜಾತಿ' ಎಂದರೆ ಹುಟ್ಟು. ದೇವ, ಮನುಷ್ಯ, ಪ್ರಾಣಿ ಎಂಬ ಜನ್ಮಭೇದ. ಆದರೆ ಕಾಲಾಂತರದಲ್ಲಿ ಈ ವಿಚಾರವನ್ನು ಸಮಾಜದ ಮೇಲು ಕೀಳುಗಳಿಗೆ ಸಮರ್ಥನೆಯಾಗಿ ಬಳಸಿದವರು ಬಹಳ. ನೀನು ಕೀಳು ಕುಲದಲ್ಲಿ ಹುಟ್ಟಿದ್ದು ನಿನ್ನ ಹಿಂದಿನ ಕರ್ಮದ ಪಾಕ, ಅದನ್ನು ಉಣ್ಣಲೇಬೇಕು ಎಂದರು. ಅಡುಗೆಮನೆಯ ಒಂದು ನಿರಪರಾಧಿ ಪದವು ಹೀಗೆ ಮನುಷ್ಯರನ್ನು ಕಟ್ಟಿಹಾಕುವ ಹಗ್ಗವೂ ಆಯಿತು. ಅದೇ ಯೋಗಶಾಸ್ತ್ರದ ಭಾಷ್ಯದಲ್ಲಿ ಹುರಿದ ಬೀಜದ ದೃಷ್ಟಾಂತವೂ ಇದೆ. ಹುರಿದ ಬೀಜ ಮೊಳೆಯದು. ಜ್ಞಾನಾಗ್ನಿಯಲ್ಲಿ ಬೆಂದ ಕ್ಲೇಶಗಳು ಮತ್ತೆ ಹುಟ್ಟನ್ನು ಕೊಡವು. ಕಟ್ಟಿಹಾಕುವುದೂ ಪಾಕವೇ, ಬಿಡಿಸುವುದೂ ಪಾಕವೇ.

ಶೈವಸಿದ್ಧಾಂತವು ಇದೇ ಪದದಿಂದ ತನ್ನ ಕೃಪಾತತ್ತ್ವವನ್ನು ವಿವರಿಸಿತು. ಜೀವನಿಗೆ ಅಂಟಿದ ಮಲವು ಮಾಗಬೇಕು, ಅದು 'ಮಲಪರಿಪಾಕ'. ಹಾಗೆ ಮಾಗಿದಾಗ ಶಿವನ ಕೃಪೆಯು ಇಳಿದು ಬರುತ್ತದೆ, ಅದು 'ಶಕ್ತಿನಿಪಾತ'. ಕಾಯನ್ನು ಕಿತ್ತು ಹಿಸುಕಿದರೆ ಹಣ್ಣಾಗದು ಎಂಬ ರೈತನ ತಿಳಿವಳಿಕೆಯೇ ಇಲ್ಲಿ ಶಾಸ್ತ್ರವಾಗಿದೆ.

ಕವಿಗಳೂ ಹಿಂದೆ ಉಳಿಯಲಿಲ್ಲ. ಸುಮಾರು ಕ್ರಿ.ಶ. 800ರ ಕಾಶ್ಮೀರದ ವಾಮನನು ಕಾವ್ಯಕ್ಕೂ ಪಾಕವುಂಟೆಂದು ವಿವರಿಸಿದನು. ಒಂದು ಪದವನ್ನು ತೆಗೆದು ಇನ್ನೊಂದನ್ನು ಇಡಲು ಬಾರದಂತೆ ಮಾತುಗಳು ಕುಳಿತಿದ್ದರೆ ಅದೇ ಶಬ್ದದ ಪಾಕ ಎಂಬುದು ಅವನ ಪಂಥದವರ ಅಭಿಪ್ರಾಯ. ಸುಮಾರು 900ರಲ್ಲಿದ್ದ ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಬೇವು, ಬದನೆ, ಹುಣಿಸೆ, ಮಾವು, ಅಡಕೆ, ದ್ರಾಕ್ಷಿ, ತೆಂಗು ಮೊದಲಾದ 9 ಬಗೆಯ ಪಾಕಗಳನ್ನು ಎಣಿಸಿದ್ದಾನೆ. ಆ ಗ್ರಂಥದಲ್ಲಿ ಅವನು ತನ್ನ ಪತ್ನಿ ಅವಂತಿಸುಂದರಿಯ ಮತವನ್ನೂ ಗೌರವದಿಂದ ದಾಖಲಿಸಿದ್ದಾನೆ. ಆಕೆ ವಾಮನನ ಪಂಥದವರನ್ನು ಖಂಡಿಸುತ್ತಾಳೆ. ಪದವನ್ನು ಬದಲಿಸಲಾಗದಿರುವುದು ಪಾಕವಲ್ಲ, ಅದು ಕವಿಯ ಅಶಕ್ತಿ. ಮಹಾಕವಿಯು ಒಂದೇ ವಿಷಯವನ್ನು ಹಲವು ಬಗೆಯಲ್ಲಿ ಹೇಳಿದರೂ ಎಲ್ಲವೂ ಪಕ್ವವಾಗಿಯೇ ಇರುತ್ತವೆ. ರಸಕ್ಕೆ ತಕ್ಕಂತೆ ಶಬ್ದಾರ್ಥಗಳು ಕೂಡುವುದೇ ಪಾಕ ಎಂಬುದು ಆಕೆಯ ನಿಲುವು. ಒಂದೇ ಅಕ್ಕಿಯಿಂದ ಹತ್ತು ಬಗೆಯ ಅಡುಗೆ ಮಾಡಿ ಹತ್ತಕ್ಕೂ ರುಚಿ ತರಬಲ್ಲ ತಾಯಂದಿರಿಗೆ ಈ ಮಾತಿನ ಸತ್ಯವನ್ನು ಯಾರೂ ಹೇಳಿಕೊಡಬೇಕಿಲ್ಲ.

ಮುಂದೆ ದ್ರಾಕ್ಷಾಪಾಕ, ಕದಳೀಪಾಕ, ನಾರಿಕೇಳಪಾಕ ಎಂಬ ಮೂರು ಹೆಸರುಗಳು ಜನಪ್ರಿಯವಾದವು. ಬಾಯಿಗಿಟ್ಟ ಕೂಡಲೇ ರಸ ಕೊಡುವುದು ದ್ರಾಕ್ಷಿ. ಸಿಪ್ಪೆ ಸುಲಿಯಬೇಕಾದದ್ದು ಬಾಳೆ. ನಾರು ಬಿಡಿಸಿ, ಕರಟ ಒಡೆದು ಪಡೆಯಬೇಕಾದದ್ದು ತೆಂಗು. ವಚನ ಸಾಹಿತ್ಯದಲ್ಲಿ ಈ ಎಲ್ಲವೂ ಇವೆ. ಬಸವಣ್ಣನವರ ಅನೇಕ ವಚನಗಳು ದ್ರಾಕ್ಷಿಯಂತೆ. ಅಕ್ಷರ ಬಾರದವನಿಗೂ ಕೇಳಿದೊಡನೆ ಹೃದಯಕ್ಕಿಳಿಯುತ್ತವೆ. ಅಲ್ಲಮಪ್ರಭುದೇವರ ಬೆಡಗಿನ ವಚನಗಳು ತೆಂಗಿನಕಾಯಿಯಂತೆ. ಒಡೆಯುವ ಶ್ರಮಕ್ಕೆ ಸಿದ್ಧನಾದವನಿಗೆ ಮಾತ್ರ ಒಳಗಿನ ತಿಳಿನೀರು.

ಇನ್ನು ನಿಜವಾದ ಅಡುಗೆಮನೆಗೆ ಹಿಂತಿರುಗೋಣ. ಪಾಕವೆಂದೊಡನೆ ನೆನಪಾಗುವವರು ನಳ ಮತ್ತು ಭೀಮ. ವಿರಾಟನ ಅರಮನೆಯಲ್ಲಿ ಭೀಮನು ಬಾಣಸಿಗನಾಗಿದ್ದನು. ರೂಪಗೆಟ್ಟ ನಳನು ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನ ಬಳಿ ಸಾರಥಿಯಾಗಿದ್ದನು. ದಮಯಂತಿಯು ಅವನು ಬೇಯಿಸಿದ್ದನ್ನು ತರಿಸಿ, ರುಚಿ ನೋಡಿಯೇ ಇವನು ತನ್ನ ಪತಿಯೆಂದು ಅರಿತಳೆಂದು ಮಹಾಭಾರತದ ವನಪರ್ವ ಹೇಳುತ್ತದೆ. ರೂಪವು ಸುಳ್ಳಾಡಬಹುದು, ಕೈರುಚಿ ಸುಳ್ಳಾಡದು. 'ನಳಪಾಕ'ವೆಂಬ ಮಾತಿನ ಹಿಂದೆ ರುಚಿಯ ಹೊಗಳಿಕೆಯ ಜೊತೆಗೆ ಈ ಗುರುತಿನ ಕಥೆಯೂ ಇದೆ.

ಕನ್ನಡ ನಾಡು ಪಾಕಶಾಸ್ತ್ರಕ್ಕೆ ಸಲ್ಲಿಸಿದ ಕಾಣಿಕೆ ದೊಡ್ಡದು. ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯನು 1025ರಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ ಜ್ಯೋತಿಷ, ವಾಸ್ತು, ವೃಕ್ಷಾಯುರ್ವೇದಗಳ ಜೊತೆಗೆ ಸೂಪಶಾಸ್ತ್ರಕ್ಕೂ ಒಂದು ಸ್ಥಾನವಿದೆ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಅಡುಗೆಗಾಗಿಯೇ 'ಸೂಪಶಾಸ್ತ್ರ'ವೆಂಬ ಕೃತಿಯನ್ನು ರಚಿಸಿದನು. ಇವೆರಡರ ನಡುವೆ, 12ನೇ ಶತಮಾನದಲ್ಲಿ, ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ರಚಿಸಿದನು. 100 ಅಧ್ಯಾಯಗಳ ಆ ಬೃಹದ್ಗ್ರಂಥದಲ್ಲಿ 'ಅನ್ನಭೋಗ'ವೆಂಬ ಭಾಗವಿದೆ. ರಾಜನ ಭೋಜನಕ್ಕೆ ಯಾವ ಅಕ್ಕಿ, ಯಾವ ಬೇಳೆ, ಯಾವ ಮಾಂಸ, ಯಾವ ಒಗ್ಗರಣೆ ಎಂಬುದರ ಸೂಕ್ಷ್ಮ ವಿವರಗಳು ಅಲ್ಲಿವೆ. ಇಂದಿನ ಇಡ್ಲಿಯ ಪೂರ್ವರೂಪವೂ ಅಲ್ಲಿ ಉಲ್ಲೇಖಗೊಂಡಿದೆ.

ಓದುಗರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಸೋಮೇಶ್ವರನ ಆಳ್ವಿಕೆ ಮುಗಿದದ್ದು 1138ರ ಸುಮಾರಿಗೆ. ಒಂದು ತಲೆಮಾರು ಕಳೆಯುವಷ್ಟರಲ್ಲಿ ಅದೇ ಕಲ್ಯಾಣದಲ್ಲಿ ಇನ್ನೊಂದು ಅಡುಗೆಮನೆ ಹೊಗೆಯಾಡಿತು. ಅದು ಬಸವಣ್ಣನವರ ಮಹಾಮನೆ. ಅರಮನೆಯ ಅಡುಗೆಗೆ ಗ್ರಂಥವಿತ್ತು, ರಾಜನೊಬ್ಬನೇ ಅದರ ಗುರಿಯಾಗಿದ್ದನು. ಮಹಾಮನೆಯ ಅಡುಗೆಗೆ ಪಾಕಗ್ರಂಥವಿರಲಿಲ್ಲ. ಬಾಗಿಲಿಗೆ ಬಂದವರೆಲ್ಲರೂ ಅದರ ಗುರಿಯಾಗಿದ್ದರು. ಒಂದರ ಹೆಸರು ಅನ್ನಭೋಗ, ಇನ್ನೊಂದರ ಹೆಸರು ದಾಸೋಹ.

ಈ ಬದಲಾವಣೆಯ ತೂಕ ತಿಳಿಯಬೇಕಾದರೆ 'ಸ್ವಯಂಪಾಕ'ವೆಂಬ ಇನ್ನೊಂದು ಮಾತನ್ನು ನೋಡಬೇಕು. ಸ್ವಯಂಪಾಕವೆಂದರೆ ತಾನೇ ಅಟ್ಟು ಉಣ್ಣುವುದು. ಮೇಲ್ನೋಟಕ್ಕೆ ಇದು ಸ್ವಾವಲಂಬನೆಯ ಮಾತು. ನಿಜವಾಗಿಯೂ ಅನೇಕ ವ್ರತನಿಷ್ಠರಿಗೆ ಅದು ಸರಳ ಜೀವನದ ನಿಯಮವೇ ಆಗಿತ್ತು. ಆದರೆ ಸಮಾಜದಲ್ಲಿ ಅದರ ಬಳಕೆಗೆ ಇನ್ನೊಂದು ಮುಖವಿತ್ತು. ಬೇರೊಬ್ಬರು ಮುಟ್ಟಿ ಬೇಯಿಸಿದ್ದನ್ನು ಉಣ್ಣೆನು ಎಂಬುದೇ ಆ ಮುಖ. ಉತ್ತರ ಭಾರತದಲ್ಲಿ ಇದಕ್ಕೆ ಕಚ್ಚಾ ಮತ್ತು ಪಕ್ಕಾ ಊಟಗಳೆಂಬ ವಿಂಗಡಣೆಯೇ ಇತ್ತು. ತುಪ್ಪದಲ್ಲಿ ಕರಿದದ್ದನ್ನು ಕೆಲವರಿಂದ ಸ್ವೀಕರಿಸಬಹುದು, ನೀರಿನಲ್ಲಿ ಬೇಯಿಸಿದ್ದನ್ನು ಸ್ವೀಕರಿಸಬಾರದು. ನಮ್ಮಲ್ಲಿಯೂ ಒಬ್ಬರ ಮನೆಯಿಂದ ಅಕ್ಕಿ, ಬೇಳೆ, ತರಕಾರಿಗಳನ್ನು ಪಡೆದು ಬೇರೆಡೆ ಅಟ್ಟುಕೊಂಡು ಉಣ್ಣುವ ರೂಢಿಯಿತ್ತು. ಹೊಲದಲ್ಲಿ ಉತ್ತು, ಬಿತ್ತು, ಕೊಯ್ದು, ಕುಟ್ಟಿದ ಕೈಯಿಂದ ಅಕ್ಕಿಯು ಬರಬಹುದು. ಅದೇ ಕೈ ಅದೇ ಅಕ್ಕಿಯನ್ನು ಬೇಯಿಸಿದರೆ ಮಾತ್ರ ಬರಬಾರದು! ನೀರು ಮತ್ತು ಬೆಂಕಿ ತಗುಲಿದ ಕ್ಷಣದಲ್ಲಿಯೇ ಜಾತಿಯೂ ತಗುಲುತ್ತದೆಂಬ ಈ ತರ್ಕವು ಎಷ್ಟು ವಿಚಿತ್ರವಾದದ್ದು! ಅಗುಳನ್ನು ಮೃದುಗೊಳಿಸುವ ಬೆಂಕಿಯೇ ಮನಸ್ಸುಗಳನ್ನು ಗಡಸುಗೊಳಿಸಿತು.

ಶರಣರು ಕೈಯಿಟ್ಟದ್ದು ಈ ಮರ್ಮಕ್ಕೆ. ಸಮಾನತೆಯನ್ನು ಮಾತಿನಲ್ಲಿ ಒಪ್ಪುವುದು ಸುಲಭ. ಇನ್ನೊಬ್ಬರು ಬೇಯಿಸಿದ ಅನ್ನವನ್ನು ಬಾಯಿಗೆ ಇಡುವುದು ಕಷ್ಟ. ಮಾದಾರ ಚೆನ್ನಯ್ಯನವರ ಕಥೆಯನ್ನು ಶರಣ ಪುರಾಣಗಳು ಭಕ್ತಿಯಿಂದ ಹಾಡಿವೆ. ಚೋಳರಾಜನು ನಿತ್ಯವೂ ಅರ್ಪಿಸುತ್ತಿದ್ದ ಮೃಷ್ಟಾನ್ನವನ್ನು ಶಿವನು ಒಂದು ದಿನ ಸ್ವೀಕರಿಸಲಿಲ್ಲ. ಕಾರಣವೇನೆಂದು ಕೇಳಿದಾಗ, ಕುದುರೆಗೆ ಹುಲ್ಲು ತರುವ ಕಾಯಕದ ಚೆನ್ನಯ್ಯನ ಮನೆಯಲ್ಲಿ ಅಂಬಲಿಯನ್ನುಂಡು ತೃಪ್ತನಾಗಿದ್ದೇನೆ ಎಂದನಂತೆ. ಅರಮನೆಯ ಪಾಕಶಾಲೆಯೆಲ್ಲಿ, ಅಂಬಲಿಯ ಮಡಕೆಯೆಲ್ಲಿ! ಯಾರ ಕೈ ಬೇಯಿಸಿತು, ಏನನ್ನು ಬೇಯಿಸಿತು ಎಂಬುದು ಅಲ್ಲಿ ಗಣನೆಗೆ ಬರಲಿಲ್ಲ. ಯಾವ ಮನಸ್ಸು ಬೇಯಿಸಿತು ಎಂಬುದೊಂದೇ ಗಣನೆಗೆ ಬಂತು.

ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವು ಇನ್ನೊಂದು ಪಾಠವನ್ನು ಕಲಿಸುತ್ತದೆ. ಪತಿ ಮಾರಯ್ಯನವರು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿದರು. ಅಗತ್ಯಕ್ಕಿಂತ ಹೆಚ್ಚಾದ ಅಕ್ಕಿ ಎಷ್ಟು ಬೆಂದರೂ ದಾಸೋಹಕ್ಕೆ ಸಲ್ಲದು ಎಂಬುದು ಆ ತಾಯಿಯ ನಿಲುವು. ಪಾಕವು ಒಲೆಯ ಮೇಲೆ ಆರಂಭವಾಗುವುದಿಲ್ಲ. ಅಕ್ಕಿ ಹೇಗೆ ಬಂತು ಎಂಬಲ್ಲಿಯೇ ಆರಂಭವಾಗುತ್ತದೆ. ಅನ್ಯಾಯದಿಂದ ಬಂದ ಅಕ್ಕಿಯನ್ನು ಎಷ್ಟು ಮಡಿಯಿಂದ ಬೇಯಿಸಿದರೂ ಅದು ಹಸಿಯಾಗಿಯೇ ಉಳಿಯುತ್ತದೆ.

ಶರಣರು ಪಾಕದ ಮುಂದಿನ ಹೆಜ್ಜೆಯನ್ನೂ ತೋರಿಸಿದರು. ಬೆಂದದ್ದು ಕೇವಲ ಪದಾರ್ಥ. ಅದು ಲಿಂಗಕ್ಕೆ ಅರ್ಪಿತವಾಗಿ ಹಿಂತಿರುಗಿದಾಗ ಪ್ರಸಾದ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲಗಳಲ್ಲಿ ಪ್ರಸಾದಿಗೆ ಮೂರನೆಯ ಸ್ಥಾನ. ಪದಾರ್ಥಕ್ಕೆ ಒಡೆಯನುಂಟು, ಅಡಿದವರ ಜಾತಿಯುಂಟು, ರುಚಿ ಅರುಚಿಗಳುಂಟು. ಪ್ರಸಾದಕ್ಕೆ ಇವಾವುವೂ ಇಲ್ಲ. ಕರ್ಮವಿಪಾಕದ ಹೆಸರಿನಲ್ಲಿ ಹುಟ್ಟನ್ನು ಅಳೆಯುತ್ತಿದ್ದ ಸಮಾಜಕ್ಕೆ ಶರಣರು ಕೊಟ್ಟ ಉತ್ತರವಿದು. ಹುಟ್ಟಿನಿಂದ ಯಾರೂ ಬೆಂದು ಬಂದಿಲ್ಲ; ಎಲ್ಲರೂ ಹಸಿಯೇ. ಕಾಯಕದ ಬೆಂಕಿಯಲ್ಲಿ ಬೇಯಬೇಕು, ಅರಿವಿನಲ್ಲಿ ಮಾಗಬೇಕು, ಬಳಿಕ ಇನ್ನೊಬ್ಬರ ಹಸಿವಿಗೆ ಒದಗಬೇಕು.

ಇದು 12ನೇ ಶತಮಾನಕ್ಕೆ ಮುಗಿದ ಮಾತಲ್ಲ. 1995ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯಡಿ ಅನೇಕ ರಾಜ್ಯಗಳು ಶಾಲಾಮಕ್ಕಳಿಗೆ ತಿಂಗಳಿಗೆ 3 ಕಿಲೋ ಧಾನ್ಯವನ್ನು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದವು. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ಧಾನ್ಯವಲ್ಲ, ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಆರಂಭವಾದ ಆ ಯೋಜನೆಗೆ 'ಅಕ್ಷರ ದಾಸೋಹ'ವೆಂದು ಹೆಸರಿಡಲಾಯಿತು. ಶರಣರ ಮಾತೊಂದು ಸರ್ಕಾರದ ಕಡತವನ್ನು ಸೇರಿದ್ದು ಸಂತೋಷದ ಸಂಗತಿ. 2004ರ ಏಪ್ರಿಲ್ 20ರಂದು ಅದೇ ನ್ಯಾಯಾಲಯವು ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದ್ಯತೆ ಕೊಡಬೇಕೆಂದಿತು. ಆದರೆ ಆಮೇಲೆಯೂ, ದಲಿತ ತಾಯಿ ಬೇಯಿಸಿದ ಅನ್ನವನ್ನು ತಮ್ಮ ಮಕ್ಕಳು ಉಣ್ಣಕೂಡದೆಂದು ತಡೆದ ಪಾಲಕರ ಸುದ್ದಿ ನಮ್ಮ ನಾಡಿನಿಂದಲೂ ಹೊರಗಿನಿಂದಲೂ ಮತ್ತೆ ಮತ್ತೆ ಬಂದಿದೆ. ಧಾನ್ಯದ ಚೀಲಕ್ಕೆ ಯಾರೂ ಆಕ್ಷೇಪವೆತ್ತಲಿಲ್ಲ. ಆಕ್ಷೇಪ ಬಂದದ್ದು ಬೆಂದ ಅನ್ನಕ್ಕೆ. ಸ್ವಯಂಪಾಕದ ಹಳೆಯ ಮನಸ್ಸು ಇನ್ನೂ ಹಸಿಯಾಗಿಯೇ ಉಳಿದಿದೆ.

ಇದನ್ನು ಅನ್ಯರತ್ತ ಬೆರಳು ತೋರಿಸಲು ಹೇಳುತ್ತಿಲ್ಲ. ಶರಣರ ಅನುಯಾಯಿಗಳೆಂದು ಹೇಳಿಕೊಳ್ಳುವ ನಮ್ಮ ಮನೆಗಳಲ್ಲಿ, ನಮ್ಮ ಮದುವೆಯ ಪಂಕ್ತಿಗಳಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುತ್ತಿದ್ದಾರೆಯೇ? ಹೊಲದಲ್ಲಿ ದುಡಿಯುವವರಿಗೆ ಬೇರೆ ತಟ್ಟೆ, ಬೇರೆ ಲೋಟ ಇನ್ನೂ ಎಲ್ಲಾದರೂ ಗೋಡೆಯ ಗೂಡಿನಲ್ಲಿ ಉಳಿದಿವೆಯೇ? ನಾವು ನಮ್ಮ ಮನೆಯಲ್ಲಿಯೇ ಒಂದು ಅಗುಳನ್ನು ಹಿಸುಕಿ ನೋಡಿಕೊಳ್ಳಬೇಕು. ಸ್ಥಾಲೀಪುಲಾಕ ನ್ಯಾಯವು ಅನ್ನಕ್ಕೆ ಅನ್ವಯಿಸುವಂತೆ ಆಚರಣೆಗೂ ಅನ್ವಯಿಸುತ್ತದೆ.

ಮೊದಲು ಎತ್ತಿದ ಪ್ರಶ್ನೆಗೆ ಈಗ ಉತ್ತರ ಕಂಡುಕೊಳ್ಳಬಹುದು. ಬೇಯಬೇಕಾದದ್ದು ಬಿಡಿ ಕಣವೋ, ಇಡಿ ಮಡಕೆಯೋ? ಕಲ್ಯಾಣದ ಶರಣರು ಎರಡನ್ನೂ ಬಿಡಲಿಲ್ಲ. ಒಬ್ಬೊಬ್ಬರ ಅಂಗೈಗೂ ಇಷ್ಟಲಿಂಗವನ್ನಿತ್ತು ಬಿಡಿಯಾಗಿ ಬೇಯಿಸಿದರು. ದಾಸೋಹದ ಪಂಕ್ತಿಯಲ್ಲಿ ಕೂಡಿಸಿ ಇಡಿಯಾಗಿ ಬೇಯಿಸಿದರು. ಪತಂಜಲಿಯು ಹೇಳಿದಂತೆ ಈ ಪಾಕದಲ್ಲಿ ಅಡುವವರಿಗೂ, ಧರಿಸುವ ಮಡಕೆಗೂ, ತಾನು ಉರಿದು ಇತರರನ್ನು ಬೇಯಿಸುವ ಸೌದೆಗೂ ಪಾಲಿದೆ. ನಾವು ಯಾವ ಪಾಲನ್ನು ವಹಿಸಿಕೊಂಡಿದ್ದೇವೆ ಎಂದು ಪ್ರತಿಯೊಬ್ಬರೂ ಕೇಳಿಕೊಳ್ಳಬೇಕು.

ಬರುವ ಪಂಚಮಿಗೆ ತಾಯಂದಿರು ತಣ್ಣೀರಿನ ಬಟ್ಟಲಿಗೆ ಬೆಲ್ಲದ ಹನಿಯನ್ನು ಬಿಟ್ಟು "ಪಾಕ ಬಂತು" ಎಂದಾಗ, ಆ ಉಂಡಿಯ ಮೊದಲ ಪಾಲು ಯಾರ ಕೈಗೆ ಹೋಗುತ್ತದೆ, ಯಾರ ಕೈಯಿಂದ ನಮ್ಮ ಮನೆಗೆ ಉಂಡಿ ಬರುತ್ತದೆ ಎಂಬುದನ್ನೂ ಒಮ್ಮೆ ನೋಡೋಣ. ಕೊಡುವುದರಲ್ಲಿ ನಾವು ಎಂದೂ ಹಿಂದೆ ಬಿದ್ದವರಲ್ಲ. ಎಲ್ಲರ ಮನೆಯದನ್ನೂ ಸಂತೋಷದಿಂದ ಸ್ವೀಕರಿಸಿ ಉಂಡ ದಿನ ನಮ್ಮ ಪಾಕವೂ ಬಂದಿತೆಂದು ತಿಳಿಯೋಣ.